ಮಾವನ ಕಂಪ್ಯೂಟರ್‌ನಲ್ಲಿ "ಯೆಸ್" ಒತ್ತುವುದನ್ನು ಕಮ್ಮಿ ಮಾಡಿದ್ದು

ಕಂಪ್ಯೂಟರ್ ಇರುವುದು ಉಡುಪಿಯ ಕಿನ್ನಿಮುಲ್ಕಿಯಲ್ಲಿ, ನನ್ನ ಸೋದರಮಾವನ ಮನೆಯಲ್ಲಿ. ವಿಂಡೋಸ್ 11, ಹೋಮ್ ಆವೃತ್ತಿ. ಬಳಸುವವರು ಮೂವರು. ಮಾವ ನೇಮೋತ್ಸವದ ಆಮಂತ್ರಣ, ಯಕ್ಷಗಾನ ಆಟದ ಹ್ಯಾಂಡ್‌ಬಿಲ್, ಗೃಹಪ್ರವೇಶದ ಕಾರ್ಡ್ ಎಲ್ಲ ಟೈಪ್ ಮಾಡಿ, ಪುಟ ಕಟ್ಟಿ ಪ್ರೆಸ್ಸಿಗೆ ಕಳಿಸುತ್ತಾರೆ. ಅತ್ತೆ ಭಜನಾ ಮಂಡಳಿಯ ರಶೀದಿ ಬರೆಯುತ್ತಾರೆ. ಅವರ ಮಗಳು ಪಿಯುಸಿ. ಅವಳ ಕೆಲಸ ಹೆಚ್ಚಾಗಿ ಬ್ರೌಸರ್‌ನಲ್ಲೇ. ಮೂವರಿಗೂ ಒಂದೇ ಅಕೌಂಟ್, ಅದು ಅಡ್ಮಿನಿಸ್ಟ್ರೇಟರ್ (ಅಡ್ಮಿನ್), ಅಂದರೆ ಕಂಪ್ಯೂಟರ್ ಮೇಲೆ ಪೂರ್ತಿ ಅಧಿಕಾರ ಇರುವಂಥದ್ದು, ಪಾಸ್‌ವರ್ಡ್ ಇಲ್ಲ.

ಪತ್ತನಾಜೆ, ಅಂದರೆ ನೇಮ, ಯಕ್ಷಗಾನಗಳ ಸೀಸನ್‌ಗೆ ತೆರೆ ಬೀಳುವ ದಿನ, ಮುಗಿದ ಮೇಲೆ ಮಾವನಿಗೆ ಆಮಂತ್ರಣದ ಕೆಲಸ ಇರುವುದಿಲ್ಲ. ಕಂಪ್ಯೂಟರ್ ಬಿಚ್ಚಿ ಕೂರಲು ಅದೇ ಸರಿಯಾದ ಹೊತ್ತು. ಸೀಸನ್ ನಡುವೆ ಕೈ ಹಾಕಿದ್ದರೆ ಮಾವ ನನ್ನನ್ನು ಮನೆಯೊಳಗೆ ಬಿಡುತ್ತಿರಲಿಲ್ಲ.

ದೂರುಗಳು ಹಲವು. ಬ್ರೌಸರ್‌ನ ಮುಖಪುಟ ತಾನಾಗಿ ಬದಲಾಗಿದೆ. ಮೂಲೆಯಲ್ಲಿ ವೈರಸ್ ಬಂದಿದೆ ಎನ್ನುವ ಚೀಟಿಗಳು ಏಳುತ್ತವೆ. ಪುಟ ಕಟ್ಟುವ ಸಾಫ್ಟ್‌ವೇರ್‌ಗೆ ಫೋಟೋ ಎಳೆದು ಹಾಕಿದರೆ ಬೀಳುವುದಿಲ್ಲ. ಅತ್ತೆಯ ದೂರು ಎಲ್ಲಕ್ಕಿಂತ ವಿಚಿತ್ರ: "ನಾನು ಬರ್ದ ರಶೀದಿ ನಿನ್ನ ಮಾವನಿಗೆ ಕಾಣುದಿಲ್ಲ. ಅವರು ಬರ್ದದ್ದು ನನಗೆ ಕಾಣುದಿಲ್ಲ. ಕಂಪ್ಯೂಟರ್ ಮಾತ್ರ ಒಂದೇ."

ಬೇರೆ ಬೇರೆ ಕಾಯಿಲೆಯ ಹಾಗೆ ಕಾಣುವ ಇವುಗಳಲ್ಲಿ ಮೂಲೆಯ ಚೀಟಿ ಬಿಟ್ಟು ಉಳಿದದ್ದೆಲ್ಲ ಒಂದೇ ಕಡೆಗೆ ಬೊಟ್ಟು ಮಾಡುತ್ತಿದ್ದವು: ಯಾವ ಪ್ರೋಗ್ರಾಂಗೆ ಎಷ್ಟು ಅಧಿಕಾರ ಇದೆ ಎಂಬ ಕಡೆಗೆ.

ಸ್ಲೈಡರ್ ತಳದಲ್ಲಿತ್ತು

ಸ್ಟಾರ್ಟ್ ಮೆನುವಿನಲ್ಲಿ ಯುಎಸಿ ಎಂದು ಹುಡುಕಿದರೆ ಯೂಸರ್ ಅಕೌಂಟ್ ಕಂಟ್ರೋಲ್ ಸೆಟ್ಟಿಂಗ್ ತೆರೆಯುತ್ತದೆ. ಯಾವುದಾದರೂ ಪ್ರೋಗ್ರಾಂ ಪೂರ್ತಿ ಅಧಿಕಾರ ಕೇಳಿದರೆ "ಕೊಡಲೇ?" ಎಂದು ನಮ್ಮನ್ನು ಕೇಳುವ ವ್ಯವಸ್ಥೆ ಅದು. ನಾಲ್ಕು ಹಂತದ ಒಂದು ಸ್ಲೈಡರ್. ಮಾವನ ಕಂಪ್ಯೂಟರ್‌ನಲ್ಲಿ ಅದು ಅತಿ ಕೆಳಗೆ, ಅಂದರೆ ಯಾವತ್ತೂ ಕೇಳಬೇಡ ಎಂಬಲ್ಲಿ ಇತ್ತು.

ಇಳಿಸಿದ್ದು ಶಾರ್ಜಾದಲ್ಲಿರುವ ಭಾವ, ಮಾವನ ಮಗ. ಅವನದು ಕಾರಣ ಇಲ್ಲದ ಕೆಲಸವೇನಲ್ಲ. ಅಲ್ಲಿಂದ ಸ್ಕ್ರೀನ್ ಹಂಚಿಕೊಂಡು ಇಲ್ಲಿನ ಕಂಪ್ಯೂಟರ್ ಸರಿ ಮಾಡುವಾಗ, ಅನುಮತಿ ಕೇಳುವ ಕಿಟಕಿ ಬಂದ ಕೂಡಲೇ ಅವನ ಕಡೆ ಸ್ಕ್ರೀನ್ ಕಪ್ಪಾಗುತ್ತಿತ್ತು. ಮಾವನಿಗೆ ಏನು ಒತ್ತಬೇಕು ಗೊತ್ತಿಲ್ಲ, ಭಾವನಿಗೆ ಏನೂ ಕಾಣುವುದಿಲ್ಲ. ಬೇಸತ್ತು ಸ್ಲೈಡರ್ ಕೆಳಗಿಳಿಸಿದ.

ಸ್ಕ್ರೀನ್ ಕಪ್ಪಾಗುವುದಕ್ಕೂ ಒಂದು ಅರ್ಥ ಇದೆ. ಅನುಮತಿಯ ಕಿಟಕಿ ಬರುವಾಗ ಸುತ್ತಲಿನದೆಲ್ಲ ಮಬ್ಬಾಗುತ್ತದಲ್ವಾ? ಅದು ಬರೀ ಅಲಂಕಾರ ಅಲ್ಲ. ವಿಂಡೋಸ್ ಆಗ ಬೇರೆಯದೇ ಒಂದು ಡೆಸ್ಕ್‌ಟಾಪ್‌ಗೆ ಹೋಗಿರುತ್ತದೆ. ಅದರ ಹೆಸರು ಸೆಕ್ಯೂರ್ ಡೆಸ್ಕ್‌ಟಾಪ್. ನಾವು ಓಡಿಸುತ್ತಿರುವ ಸಾಮಾನ್ಯ ಪ್ರೋಗ್ರಾಂಗಳು ಅಲ್ಲಿಗೆ ಕೈ ಚಾಚಲಾರವು. ಕಿಟಕಿಯ ಮೇಲೆ ಬೇರೆ ಚಿತ್ರ ಹೊದಿಸಲಾರವು, ನಮ್ಮ ಬದಲಿಗೆ "ಯೆಸ್" ಒತ್ತಲಾರವು. ಸ್ಕ್ರೀನ್ ಹಂಚುವ ಸಾಫ್ಟ್‌ವೇರ್ ಕೂಡ ಮಾಮೂಲಿ ಪ್ರೋಗ್ರಾಂ ಆಗಿ ಓಡುತ್ತಿದ್ದರೆ ಅದಕ್ಕೂ ಒಳಗೆ ಪ್ರವೇಶ ಇಲ್ಲ. ವಿಂಡೋಸ್‌ನದ್ದೇ ಆದ ಕ್ವಿಕ್ ಅಸಿಸ್ಟ್‌ನಲ್ಲೂ ಹೀಗೇ.

ಸ್ಲೈಡರ್ ತಳದಲ್ಲಿದ್ದರೆ ಏನಾಗುತ್ತದೆ ಎಂದು ಸ್ವಲ್ಪ ಬಿಡಿಸಿ ಹೇಳಬೇಕು. ಪ್ರಶ್ನೆ ಬರುವುದಿಲ್ಲ ಎಂದರೆ ಅಧಿಕಾರ ಸಿಗುವುದಿಲ್ಲ ಎಂದಲ್ಲ. ತದ್ವಿರುದ್ಧ. ಅಡ್ಮಿನ್ ಅಕೌಂಟ್‌ನಲ್ಲಿ ಕೂತವರ ಕಂಪ್ಯೂಟರ್‌ನಲ್ಲಿ ಯಾವ ಪ್ರೋಗ್ರಾಂ ಪೂರ್ತಿ ಅಧಿಕಾರ ಕೇಳಿದರೂ ಸದ್ದಿಲ್ಲದೆ ಕೊಟ್ಟುಬಿಡುತ್ತದೆ. ಮಾವ ಯಾವುದೋ ಪಿಡಿಎಫ್ ಪರಿವರ್ತಕ ಇಳಿಸಿಕೊಂಡಿದ್ದರು. ಅದು ತನ್ನ ಜೊತೆ ಇನ್ನೆರಡನ್ನು ಕರೆದುಕೊಂಡು ಬಂದಿತ್ತು. ಬ್ರೌಸರ್‌ನ ಮುಖಪುಟ ಬದಲಾಗಿದ್ದು ಹಾಗೆ.

ಸ್ವಲ್ಪ ಹಿನ್ನೆಲೆ ಹೇಳುತ್ತೇನೆ, ಏಕೆಂದರೆ ಸ್ಲೈಡರ್ ಇಳಿಸುವ ಚಾಳಿಗೆ ವಯಸ್ಸಾಗಿದೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಮನೆಗಳಲ್ಲಿ ಎಲ್ಲರೂ ಅಡ್ಮಿನ್ ಆಗಿಯೇ ಇದ್ದರು. ಪ್ರೋಗ್ರಾಂ ಬರೆಯುವವರೂ ಹಾಗೆಂದೇ ನಂಬಿ, ಎಲ್ಲಿ ಬೇಕಾದರೂ ಫೈಲ್ ಬರೆಯುತ್ತಿದ್ದರು. ಅದರ ಮುಂದಿನ ಆವೃತ್ತಿ ವಿಸ್ಟಾ 2007ರಲ್ಲಿ ಅಂಗಡಿಗೆ ಬಂದಾಗ ಯುಎಸಿ ಬಂತು. ಅಡ್ಮಿನ್ ಲಾಗಿನ್ ಆದರೂ ಅವನಿಗೆ ಎರಡು ಟೋಕನ್, ಅಂದರೆ ಎಷ್ಟು ಅಧಿಕಾರ ಇದೆ ಎನ್ನುವ ಗುರುತುಪತ್ರ, ತಯಾರಾಗುತ್ತವೆ. ಒಂದು ಅಧಿಕಾರ ಸೋಸಿ ತೆಗೆದದ್ದು, ಇನ್ನೊಂದು ಪೂರ್ತಿಯದ್ದು. ದಿನನಿತ್ಯದ ಕೆಲಸ ಮೊದಲನೆಯದರಲ್ಲಿ ನಡೆಯುತ್ತದೆ. ಎರಡನೆಯದು ಬೇಕಾದಾಗ ಮಾತ್ರ ಪ್ರಶ್ನೆ. ಹಳೇ ಪ್ರೋಗ್ರಾಂಗಳೆಲ್ಲ ಎರಡನೆಯದನ್ನೇ ಬಯಸಿದ್ದರಿಂದ ವಿಸ್ಟಾದಲ್ಲಿ ಪ್ರಶ್ನೆಗಳ ಮಳೆ. ಜನ ಬೈದು ಆಫ್ ಮಾಡಿದರು. 2009ರ ವಿಂಡೋಸ್ 7ರಲ್ಲಿ ಸ್ಲೈಡರ್ ಕೊಟ್ಟರು. ಹಳೇ ಪ್ರೋಗ್ರಾಂಗಳು ಮಾತ್ರ ಹಾಗೇ ಉಳಿದವು, ಮಾವನ ಮನೆಯಲ್ಲಂತೂ ಎಲ್ಲವೂ.

ನಾನು ಸ್ಲೈಡರನ್ನು ಮೇಲಿನಿಂದ ಎರಡನೇ ಹಂತಕ್ಕೆ, ಅಂದರೆ ವಿಂಡೋಸ್ ಮೊದಲಿಗೆ ಇಟ್ಟುಕೊಂಡು ಬರುವ ಜಾಗಕ್ಕೆ ತಂದೆ. ತಂದ ಕೂಡಲೇ ಮಾವನ ಬೆಳಗಿನ ಕೆಲಸ ಹೀಗಾಯಿತು: ಕನ್ನಡ ಟೈಪಿಂಗ್ ತೆರೆದರೆ ಒಂದು ಪ್ರಶ್ನೆ, ಪುಟ ಕಟ್ಟುವುದಕ್ಕೆ ಒಂದು, ರಶೀದಿಗೆ ಒಂದು, ರಶೀದಿಯ ಬ್ಯಾಕಪ್‌ಗೆ ಒಂದು, ಸ್ಕ್ಯಾನರ್‌ಗೆ ಒಂದು. "ಎಂತ ಮಾರಾಯ ಇದು, ಯೆಸ್ ಒತ್ತುದೇ ಒಂದು ಕೆಲಸ ಆಯ್ತಲ್ಲ" ಎಂದರು. ಸರಿಯಾದ ಮಾತು. ಹೀಗೇ ಬಿಟ್ಟರೆ ಅವರು ಓದದೆ ಒತ್ತುವುದನ್ನು ಕಲಿಯುತ್ತಾರೆ. ಆಮೇಲೆ ಪ್ರಶ್ನೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹಾಗಾಗಿ ಒಂದೊಂದು ಪ್ರಶ್ನೆಗೂ ಕಾರಣ ಹುಡುಕಿ ಕಿತ್ತು ಹಾಕುವುದು ಎಂದು ಕೂತೆ.

ಯಾರು ಅಡ್ಮಿನ್ ಆಗಿ ಓಡುತ್ತಿದ್ದಾರೆ ಎಂದು ನೋಡುವುದು

ಟಾಸ್ಕ್ ಮ್ಯಾನೇಜರ್‌ನಲ್ಲಿ ಡೀಟೇಲ್ಸ್ ಎಂಬ ಪಟ್ಟಿ ಇದೆ. ಅದರ ತಲೆಸಾಲಿನ ಮೇಲೆ ಬಲ ಕ್ಲಿಕ್ ಮಾಡಿ ಸೆಲೆಕ್ಟ್ ಕಾಲಮ್ಸ್ ತೆರೆದರೆ ಎರಡು ಉಪಯೋಗದ ಕಾಲಮ್ ಸಿಗುತ್ತವೆ. ಒಂದು ಎಲಿವೇಟೆಡ್, ಇನ್ನೊಂದು ಯುಎಸಿ ವರ್ಚುವಲೈಸೇಶನ್. ಮೊದಲನೆಯದರಲ್ಲಿ ಯೆಸ್ ಇದ್ದರೆ ಆ ಪ್ರೋಗ್ರಾಂ ಪೂರ್ತಿ ಅಧಿಕಾರದಲ್ಲಿ ಓಡುತ್ತಿದೆ. ಎರಡನೆಯದರಲ್ಲಿ ಎನೇಬಲ್ಡ್ ಇದ್ದರೆ ವಿಂಡೋಸ್ ಆ ಪ್ರೋಗ್ರಾಂಗೆ ಗೊತ್ತಾಗದ ಹಾಗೆ ಅದರ ಫೈಲ್‌ಗಳನ್ನು ಬೇರೆ ಕಡೆ ಬರೆಸುತ್ತಿದೆ. ಬೇರೇನೂ ಇನ್‌ಸ್ಟಾಲ್ ಮಾಡದೆ ಅರ್ಧ ರೋಗ ಇಲ್ಲೇ ಗೊತ್ತಾಗುತ್ತದೆ.

ನೋಡಿದರೆ ಪುಟ ಕಟ್ಟುವ ಸಾಫ್ಟ್‌ವೇರ್ ಎಲಿವೇಟೆಡ್. ಕನ್ನಡ ಟೈಪಿಂಗ್ ಎಲಿವೇಟೆಡ್. ರಶೀದಿ ಪ್ರೋಗ್ರಾಂ ಮಾವ ತೆರೆದಾಗ ಎಲಿವೇಟೆಡ್, ಅತ್ತೆ ತೆರೆದಾಗ ಅಲ್ಲ. ಇಲ್ಲಿ ನಾನು ಕುರ್ಚಿ ಹತ್ತಿರ ಎಳೆದುಕೊಂಡೆ.

ಎರಡು ರಶೀದಿ ಪುಸ್ತಕ

ಮಂಡಳಿಯ ರಶೀದಿ ಪ್ರೋಗ್ರಾಂ ಹಳೆಯದು, ಊರಲ್ಲೇ ಯಾರೋ ಬರೆದುಕೊಟ್ಟದ್ದು. ಮೈಕ್ರೋಸಾಫ್ಟ್ ಆಕ್ಸೆಸ್ ಎಂಬ ಡೇಟಾಬೇಸ್‌ನ ಎಂಡಿಬಿ ಫೈಲ್ ಒಂದರಲ್ಲಿ ಎಲ್ಲ ಲೆಕ್ಕ ಇರುತ್ತದೆ. ಆ ಫೈಲ್ ಇರುವುದು ಪ್ರೋಗ್ರಾಂ ಫೈಲ್ಸ್ ಫೋಲ್ಡರ್‌ನಲ್ಲಿ, ಪ್ರೋಗ್ರಾಂನ ಪಕ್ಕದಲ್ಲೇ. ಆ ಫೋಲ್ಡರ್‌ಗೆ ಬರೆಯಲು ಅಡ್ಮಿನ್ ಅಧಿಕಾರ ಬೇಕು. ಸಾಮಾನ್ಯ ಅಧಿಕಾರದ ಹಳೇ ಪ್ರೋಗ್ರಾಂ ಅಲ್ಲಿಗೆ ಬರೆಯಲು ಹೋದರೆ ವಿಂಡೋಸ್ ಎರರ್ ಕೊಡಬಹುದಿತ್ತು. ಕೊಡುವುದಿಲ್ಲ. ಬದಲಿಗೆ ಆ ಫೈಲ್‌ನ ಒಂದು ನಕಲನ್ನು ಬಳಕೆದಾರನ ಸ್ವಂತ ಫೋಲ್ಡರ್‌ನೊಳಗೆ, ಆಪ್‌ಡೇಟಾ, ಅದರೊಳಗೆ ಲೋಕಲ್, ಅದರೊಳಗೆ ವರ್ಚುವಲ್‌ಸ್ಟೋರ್ ಎಂಬಲ್ಲಿ ಇಟ್ಟು ಅದರಲ್ಲಿ ಬರೆಸುತ್ತದೆ. ಪ್ರೋಗ್ರಾಂ ಮತ್ತೆ ಓದುವಾಗಲೂ ಆ ನಕಲನ್ನೇ ತೋರಿಸುತ್ತದೆ. 32 ಬಿಟ್‌ನ, ತನಗೆ ಎಷ್ಟು ಅಧಿಕಾರ ಬೇಕೆಂದು ತನ್ನೊಳಗೆ ಬರೆದುಕೊಂಡಿರದ ಹಳೇ ಪ್ರೋಗ್ರಾಂಗಳಿಗೆ ಮಾತ್ರ ಈ ಉಪಕಾರ.

ಅದೇ ಪ್ರೋಗ್ರಾಂ ಅಡ್ಮಿನ್ ಆಗಿ ಓಡಿದರೆ ಈ ತಿರುವು ಇರುವುದಿಲ್ಲ. ನೇರ ಪ್ರೋಗ್ರಾಂ ಫೈಲ್ಸ್‌ನಲ್ಲಿರುವ ಅಸಲಿ ಫೈಲ್‌ಗೆ ಬರೆಯುತ್ತದೆ.

ಈಗ ಮಾವನ ಮನೆಗೆ ಬನ್ನಿ. ಡೆಸ್ಕ್‌ಟಾಪ್ ಮೇಲಿನ ಶಾರ್ಟ್‌ಕಟ್‌ನಲ್ಲಿ ಯಾರೋ ಅಡ್ವಾನ್ಸ್ಡ್ ಗುಂಡಿ ಒತ್ತಿ ರನ್ ಆಸ್ ಅಡ್ಮಿನಿಸ್ಟ್ರೇಟರ್ ಟಿಕ್ ಹಾಕಿದ್ದರು. ಮಾವ ಅಲ್ಲಿಂದ ತೆರೆಯುತ್ತಾರೆ. ಅತ್ತೆಗೆ ಡೆಸ್ಕ್‌ಟಾಪ್ ತುಂಬ ಮಾವನ ಆಮಂತ್ರಣಗಳು ಹರಡಿರುವುದು ಆಗುವುದಿಲ್ಲ, ಅವರು ಸ್ಟಾರ್ಟ್ ಮೆನುವಿನಿಂದ ತೆರೆಯುತ್ತಾರೆ. ಅಲ್ಲಿನ ಶಾರ್ಟ್‌ಕಟ್‌ಗೆ ಟಿಕ್ ಇಲ್ಲ. ಒಂದೇ ಅಕೌಂಟ್, ಒಂದೇ ಪ್ರೋಗ್ರಾಂ, ಎರಡು ಲೆಕ್ಕ. ಅತ್ತೆ ಮೊದಲ ಸಲ ಸ್ಟಾರ್ಟ್ ಮೆನುವಿನಿಂದ ತೆರೆದ ದಿನದವರೆಗಿನ ರಶೀದಿಗಳು ಎರಡರಲ್ಲೂ ಇದ್ದವು. ಅಲ್ಲಿಂದಾಚೆ ಎರಡೂ ಬೇರೆ ದಾರಿ ಹಿಡಿದಿದ್ದವು. ರಶೀದಿ ನಂಬರ್‌ಗಳು ಮಾತ್ರ ಒಂದೇ! ಒಂದೇ ನಂಬರ್‌ನಲ್ಲಿ ಇಬ್ಬರು ದಾನಿಗಳು. ಅಂದರೆ ಇವರಿಬ್ಬರ ಜಗಳಕ್ಕೆ ಮೂಲ ಒಂದು ಟಿಕ್.

ಮೊದಲು ಎರಡೂ ಎಂಡಿಬಿ ಫೈಲ್‌ಗಳನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿದೆ. ಇಂಥ ಕಡೆ ಇದಿಲ್ಲದೆ ಒಂದು ಹೆಜ್ಜೆಯೂ ಮುಂದೆ ಇಡಬಾರದು. ಮಾವನ ಫೈಲ್‌ನಲ್ಲಿ ದಾಖಲೆ ಜಾಸ್ತಿ ಇದ್ದುದರಿಂದ ಅದನ್ನೇ ಉಳಿಸಿಕೊಂಡೆವು. ಅತ್ತೆಯ ಫೈಲ್‌ನಲ್ಲಿ ಮಾತ್ರ ಇದ್ದವುಗಳನ್ನು ಅವರೇ ಕೂತು, ಪ್ರಿಂಟ್ ತೆಗೆದಿಟ್ಟಿದ್ದ ಪ್ರತಿಗಳನ್ನು ನೋಡಿ, ಹೊಸ ನಂಬರ್‌ನಲ್ಲಿ ಮತ್ತೆ ಹಾಕಿದರು. ಹಳೇ ನಂಬರನ್ನು ಷರಾ ಕಾಲಮ್‌ನಲ್ಲಿ ಬರೆದರು. ಟೇಬಲ್‌ನಿಂದ ಟೇಬಲ್‌ಗೆ ನೇರ ಸೇರಿಸಬಹುದಿತ್ತು, ಆದರೆ ಬೇರೆಯವರ ದುಡ್ಡಿನ ಲೆಕ್ಕ. ಕೈಯಲ್ಲಿ ಮಾಡಿದರೆ ಒಂದೊಂದಾಗಿ ಕಣ್ಣಿಗೆ ಬೀಳುತ್ತದೆ.

ಇನ್ನು ಫೈಲ್‌ಗೆ ಹೊಸ ಜಾಗ. ಪ್ರೋಗ್ರಾಂನ ಜೊತೆಗಿದ್ದ, ಸೆಟ್ಟಿಂಗ್ ಬರೆದಿಡುವ ಐಎನ್‌ಐ ಫೈಲ್‌ನಲ್ಲಿ ಡೇಟಾ ಎಲ್ಲಿದೆ ಎಂಬ ಒಂದು ಸಾಲು ಸಿಕ್ಕಿತು. ಬರೆದುಕೊಟ್ಟವರು ಯಾರೋ, ಅವರಿಗೆ ಒಂದು ನಮಸ್ಕಾರ. ಡಿ ಡ್ರೈವ್‌ನಲ್ಲಿ ಒಂದು ಫೋಲ್ಡರ್ ಮಾಡಿ ಎಂಡಿಬಿಯನ್ನು ಅಲ್ಲಿಗೆ ಒಯ್ದೆ. ನೋಟ್‌ಪ್ಯಾಡನ್ನು ಅಡ್ಮಿನ್ ಆಗಿ ತೆರೆದು ಆ ಸಾಲು ತಿದ್ದಿದೆ. ಡಿ ಡ್ರೈವ್‌ನಲ್ಲಿ ಸಾಮಾನ್ಯವಾಗಿ ಲಾಗಿನ್ ಆದ ಎಲ್ಲರಿಗೂ ಬರೆಯುವ ಅನುಮತಿ ಇರುತ್ತದೆ. ಫೋಲ್ಡರ್‌ನ ಪ್ರಾಪರ್ಟೀಸ್, ಸೆಕ್ಯೂರಿಟಿ ಟ್ಯಾಬ್‌ನಲ್ಲಿ ಮಾಡಿಫೈ ಇದೆಯೇ ಎಂದು ಒಮ್ಮೆ ನೋಡಿಕೊಂಡರಾಯಿತು. ಡೇಟಾವನ್ನು ಬೇರೆಡೆಗೆ ಒಯ್ಯಲು ಆಗದ ಪ್ರೋಗ್ರಾಂ ಆಗಿದ್ದರೆ ಅದೇ ಸೆಕ್ಯೂರಿಟಿ ಟ್ಯಾಬ್‌ನಲ್ಲಿ ಯೂಸರ್ಸ್ ಗುಂಪಿಗೆ ಮಾಡಿಫೈ ಕೊಡಬೇಕಾಗುತ್ತದೆ. ಆಗ ಎಂಡಿಬಿ ಫೈಲ್ ಒಂದಕ್ಕೇ ಕೊಟ್ಟರೆ ಸಾಲದು. ತೆರೆದಾಗ ಪಕ್ಕದಲ್ಲೇ ಎಲ್‌ಡಿಬಿ ಎಂಬ ಬೀಗದ ಫೈಲ್ ಹುಟ್ಟುತ್ತದೆ, ಅದಕ್ಕೆ ಫೋಲ್ಡರ್‌ಗೂ ಅನುಮತಿ ಬೇಕು. ಇದರಲ್ಲಿ ಒಂದು ಇರುಸುಮುರುಸೂ ಇದೆ: ಪ್ರೋಗ್ರಾಂ ಇರುವ ಫೋಲ್ಡರ್‌ಗೇ ಬರೆಯುವ ಅನುಮತಿ ಕೊಟ್ಟರೆ ಯಾವ ಪ್ರೋಗ್ರಾಂ ಬೇಕಾದರೂ ಅಲ್ಲಿನ ಇಎಕ್ಸ್‌ಇಯನ್ನೇ, ಅಂದರೆ ಪ್ರೋಗ್ರಾಂನ ಮುಖ್ಯ ಫೈಲನ್ನೇ, ಬದಲಿಸಬಹುದು. ಡೇಟಾ ಬೇರೆ, ಪ್ರೋಗ್ರಾಂ ಬೇರೆ ಇರುವುದೇ ವಾಸಿ.

ಶಾರ್ಟ್‌ಕಟ್‌ನ ಟಿಕ್ ತೆಗೆದೆ. ವರ್ಚುವಲ್‌ಸ್ಟೋರ್‌ನಲ್ಲಿದ್ದ ಹಳೇ ನಕಲಿಗೆ ಬೇರೆ ಹೆಸರು ಕೊಟ್ಟು ಬದಿಗಿಟ್ಟೆ. ಅಲ್ಲಿ ಐಎನ್‌ಐ ಫೈಲ್‌ನ ನಕಲೂ ಒಂದಿತ್ತು, ಅದನ್ನೂ. ಅದು ಉಳಿದಿದ್ದರೆ ತಿದ್ದಿದ ಸಾಲು ಪ್ರೋಗ್ರಾಂ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಈಗ ಮಾವ ಬರೆದದ್ದು ಅತ್ತೆಗೆ ಕಾಣುತ್ತದೆ.

ಬ್ಯಾಕಪ್‌ನ ಪ್ರಶ್ನೆ ಇನ್ನೊಂದು ತಮಾಷೆ. ಎಂಡಿಬಿಯನ್ನು ಪೆನ್‌ಡ್ರೈವ್‌ಗೆ ನಕಲಿಸುವ ಪುಟ್ಟ ಪ್ರೋಗ್ರಾಂ ಅದು. ಹಳದಿ ಪಟ್ಟಿಯ ಕಿಟಕಿ ಬಂದು ಅನುಮತಿ ಕೇಳುತ್ತದೆ. ಅದಕ್ಕೆ ಯಾವ ವಿಶೇಷ ಅಧಿಕಾರವೂ ಬೇಕಿಲ್ಲ. ಆದರೂ ಏಕೆ ಕೇಳುತ್ತದೆ? ಅದರ ಫೈಲ್ ಹೆಸರಿನಲ್ಲಿ ಅಪ್‌ಡೇಟ್ ಎಂದಿತ್ತು, ಅಷ್ಟೇ. 32 ಬಿಟ್‌ನ ಹಳೇ ಪ್ರೋಗ್ರಾಂ ತನ್ನ ಬೇಡಿಕೆಯನ್ನು ಬರೆದುಕೊಂಡಿರದಿದ್ದರೆ ವಿಂಡೋಸ್ ಹೆಸರು ನೋಡಿ ಊಹೆ ಮಾಡುತ್ತದೆ. ಇನ್‌ಸ್ಟಾಲ್, ಸೆಟಪ್, ಅಪ್‌ಡೇಟ್ ಇಂಥ ಪದ ಇದ್ದರೆ ಇದು ಇನ್‌ಸ್ಟಾಲರ್ ಇರಬೇಕು ಎಂದು ಅನುಮತಿ ಕೇಳುತ್ತದೆ. ಹೆಸರು ಬದಲಿಸಿದೆ, ಪ್ರಶ್ನೆ ಹೋಯಿತು. ಫೈಲ್‌ನೊಳಗಿನ ವಿವರಣೆಯಲ್ಲೂ ಇಂಥ ಪದ ಇದ್ದರೆ ಬರೀ ಹೆಸರು ಬದಲಿಸಿದರೆ ಸಾಲದು. ಇದರಲ್ಲಿ ಇರಲಿಲ್ಲ.

ಕನ್ನಡ ಟೈಪ್ ಆಗದ ಕತೆ

ಕರಾವಳಿಯ ಎಷ್ಟೋ ಡಿಟಿಪಿ ಮೇಜುಗಳಲ್ಲಿ ಇದನ್ನು ನೋಡಿದ್ದೇನೆ. ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಆನ್ ಇದೆ, ನೋಟ್‌ಪ್ಯಾಡ್‌ನಲ್ಲಿ ಚಂದವಾಗಿ ಕನ್ನಡ ಬರುತ್ತದೆ, ಪುಟ ಕಟ್ಟುವ ಸಾಫ್ಟ್‌ವೇರ್‌ಗೆ ಹೋದರೆ ಇಂಗ್ಲಿಷ್. ಯಾರೋ ಒಬ್ಬರು ಬಂದು ಟೈಪಿಂಗ್ ಸಾಫ್ಟ್‌ವೇರನ್ನೂ ಅಡ್ಮಿನ್ ಮಾಡಿ ಎನ್ನುತ್ತಾರೆ. ಮಾಡಿದರೆ ಕನ್ನಡ ಬರುತ್ತದೆ. ಅಲ್ಲಿಗೆ ಮುಗಿಯಿತು ಎಂದುಕೊಳ್ಳುತ್ತಾರೆ.

ಒಳಗೆ ನಡೆಯುವುದು ಇದು. ಹಳೇ ಕಾಲದ ಇಂಥ ಟೈಪಿಂಗ್ ಸಾಫ್ಟ್‌ವೇರ್ ನಾವು ಒತ್ತಿದ ಕೀಲಿಯನ್ನು ನಡುವೆ ಹಿಡಿದು, ಅದರ ಬದಲಿಗೆ ಕನ್ನಡದ ಅಕ್ಷರವನ್ನು ಎದುರಿನ ಕಿಟಕಿಗೆ ಕಳಿಸುತ್ತದೆ. ವಿಸ್ಟಾದಿಂದ ಈಚೆಗೆ ವಿಂಡೋಸ್ ಒಂದು ನಿಯಮ ಇಟ್ಟುಕೊಂಡಿದೆ. ಕಡಿಮೆ ಅಧಿಕಾರದ ಪ್ರೋಗ್ರಾಂ ಹೆಚ್ಚಿನ ಅಧಿಕಾರದ ಕಿಟಕಿಯ ಕೀಲಿಗಳನ್ನು ಕದ್ದು ಕೇಳುವಂತಿಲ್ಲ, ಅದರೊಳಗೆ ಟೈಪ್ ಮಾಡುವಂತಿಲ್ಲ. ಇಲ್ಲದಿದ್ದರೆ ಸಣ್ಣ ವೈರಸ್ ಕೂಡ ಅಡ್ಮಿನ್ ಕಿಟಕಿಯೊಳಗೆ ತನಗೆ ಬೇಕಾದ್ದನ್ನು ಟೈಪ್ ಮಾಡಿಬಿಡುತ್ತಿತ್ತು. ಪುಟ ಕಟ್ಟುವ ಸಾಫ್ಟ್‌ವೇರ್ ಅಡ್ಮಿನ್ ಆಗಿ ಓಡುತ್ತಿದ್ದರೆ ಸಾಮಾನ್ಯ ಅಧಿಕಾರದ ಟೈಪಿಂಗ್ ಅಲ್ಲಿ ಕುರುಡು. ಫೋಟೋ ಎಳೆದು ಹಾಕಿದರೆ ಬೀಳದಿದ್ದುದೂ ಇದೇ ನಿಯಮದಿಂದ. ಫೈಲ್ ಎಕ್ಸ್‌ಪ್ಲೋರರ್ ಸಾಮಾನ್ಯ ಅಧಿಕಾರದಲ್ಲಿ ಓಡುತ್ತದೆ, ಅದರಿಂದ ಅಡ್ಮಿನ್ ಕಿಟಕಿಗೆ ಎಳೆದು ಹಾಕಲು ಬಿಡುವುದಿಲ್ಲ. ಮಾವ ಇದನ್ನು ಮೌಸ್‌ನ ತೊಂದರೆ ಎಂದು ಹೊಸ ಮೌಸ್ ತಂದಿದ್ದರು. ಒಳ್ಳೆಯ ಮೌಸ್, ಉಪಯೋಗಕ್ಕೆ ಬರುತ್ತದೆ.

ಹಾಗಾದರೆ ಪುಟ ಕಟ್ಟುವ ಸಾಫ್ಟ್‌ವೇರ್‌ಗೆ ಅಡ್ಮಿನ್ ಏಕೆ? ಇಎಕ್ಸ್‌ಇಯ ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ ಟ್ಯಾಬ್‌ನಲ್ಲಿ ಟಿಕ್ ಇತ್ತು, ಅದೂ ಎಲ್ಲ ಬಳಕೆದಾರರಿಗೆ ಅನ್ವಯಿಸುವ ಕಡೆ. ಟಿಕ್ ತೆಗೆದೆ. ತೆರೆಯಿತು. ಹಳೇ ಆಮಂತ್ರಣ ತೆರೆಯಿತು, ಸೇವ್ ಆಯಿತು, ಪ್ರಿಂಟ್ ಆಯಿತು. ಟಿಕ್ ಯಾವುದೋ ಕಾಲದಲ್ಲಿ ಸುಮ್ನೆ ಹಾಕಿದ್ದು. ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಕಟ್ಟಿನಲ್ಲಿರುವ ಪ್ರೊಸೆಸ್ ಮಾನಿಟರ್ ಓಡಿಸಿ, ಈ ಸಾಫ್ಟ್‌ವೇರ್‌ಗೆ ಎಲ್ಲಾದರೂ ಆಕ್ಸೆಸ್ ಡಿನೈಡ್ ಬರುತ್ತಿದೆಯೇ ಎಂದು ಫಿಲ್ಟರ್ ಹಾಕಿ ನೋಡಿದೆ. ಕೆಲಸ ಕೆಡಿಸುವಂಥದ್ದು ಇರಲಿಲ್ಲ. ತನ್ನ ಸೆಟ್ಟಿಂಗ್ ಫೈಲನ್ನು ವರ್ಚುವಲ್‌ಸ್ಟೋರ್‌ಗೆ ಬರೆದುಕೊಳ್ಳುತ್ತದೆ. ಅದನ್ನು ಮಾವ ಒಬ್ಬರೇ ಬಳಸುವುದರಿಂದ ಹಾಗೇ ಇರಲಿ ಎಂದು ಬಿಟ್ಟೆ.

ಪುಟ ಕಟ್ಟುವ ಸಾಫ್ಟ್‌ವೇರ್ ಅಡ್ಮಿನ್‌ನಿಂದ ಇಳಿದ ಮೇಲೆ ಟೈಪಿಂಗ್‌ನ ಟಿಕ್‌ಗೂ ಕೆಲಸ ಇಲ್ಲ. ಅದನ್ನೂ ತೆಗೆದೆ. ಎರಡೂ ಒಂದೇ ಮಟ್ಟದಲ್ಲಿ, ಕನ್ನಡ ಬಂತು, ಫೋಟೋ ಬಿತ್ತು. ಇನ್ನೊಂದು ಲಾಭವೂ ಆಯಿತು. ಸ್ಲೈಡರ್ ಮೇಲೇರಿಸಿದ ಮೇಲೆ ಟೈಪಿಂಗ್ ಸಾಫ್ಟ್‌ವೇರ್ ಲಾಗಿನ್ ಆದಾಗ ತಾನಾಗಿ ಏಳುತ್ತಿರಲಿಲ್ಲ. ಪೂರ್ತಿ ಅಧಿಕಾರ ಕೇಳುವ ಪ್ರೋಗ್ರಾಂಗಳನ್ನು ಸ್ಟಾರ್ಟಪ್ ಪಟ್ಟಿಯಿಂದ ವಿಂಡೋಸ್ ಏಳಿಸುವುದಿಲ್ಲ. ಟಿಕ್ ಹೋದ ಮೇಲೆ ಅದೂ ಸರಿಯಾಯಿತು.

ಅಕೌಂಟ್‌ಗಳು

ಇಷ್ಟಾದ ಮೇಲೆ ಮಾವನಿಗೆ ದಿನದ ಕೆಲಸಕ್ಕೆ ಅಡ್ಮಿನ್ ಅಧಿಕಾರ ಬೇಕಿಲ್ಲ. ಆದ್ದರಿಂದ ತೆಗೆದುಬಿಟ್ಟೆ. ಮೈಕ್ರೋಸಾಫ್ಟ್ ತಾನೇ ಹೇಳಿದೆ, ಒಂದೇ ಅಡ್ಮಿನ್ ಅಕೌಂಟ್‌ನೊಳಗಿನ ಯುಎಸಿ ಪ್ರಶ್ನೆಯನ್ನು ಭದ್ರತೆಯ ಗೋಡೆ ಎಂದು ಲೆಕ್ಕ ಹಾಕಬೇಡಿ ಎಂದು. ವಿಂಡೋಸ್‌ನ ಕೆಲವು ಪ್ರೋಗ್ರಾಂಗಳು ಎರಡನೇ ಹಂತದಲ್ಲಿ ಕೇಳದೆಯೇ ಅಧಿಕಾರ ಪಡೆಯುತ್ತವೆ, ಅವುಗಳ ಬೆನ್ನಿಗೆ ಬಿದ್ದು ನುಸುಳುವ ದಾರಿಗಳಿವೆ. ಬೇರೆ ಅಕೌಂಟ್, ಬೇರೆ ಪಾಸ್‌ವರ್ಡ್ ಇದ್ದರೆ ಅದು ಗಟ್ಟಿ.

ಸೆಟ್ಟಿಂಗ್ಸ್, ಅಕೌಂಟ್ಸ್, ಅದರ್ ಯೂಸರ್ಸ್ ಮೂಲಕ ಹೊಸ ಲೋಕಲ್ ಅಕೌಂಟ್ ಒಂದನ್ನು ಮಾಡಿ ಅಡ್ಮಿನ್ ಮಾಡಿದೆ. ಹೆಸರು ಬೀಗದಕೈ. ಆದರೆ ಇಂಗ್ಲಿಷ್ ಅಕ್ಷರದಲ್ಲಿ ಹಾಕಿದೆ. ಅಕೌಂಟ್ ಹೆಸರಿನಿಂದಲೇ ಫೋಲ್ಡರ್ ಹೆಸರೂ ಆಗುವುದರಿಂದ, ಕನ್ನಡ ಅಕ್ಷರ ಇದ್ದರೆ ಯೂನಿಕೋಡ್ ಅರಿಯದ ಹಳೇ ಪ್ರೋಗ್ರಾಂಗಳು ಅಲ್ಲಿ ಎಡವುತ್ತವೆ. ಪಾಸ್‌ವರ್ಡ್ ಹಾಕಿ, ಅದರಲ್ಲಿ ಒಮ್ಮೆ ಲಾಗಿನ್ ಆಗಿ, ಎಲ್ಲ ಸರಿ ಇದೆ ಎಂದು ನೋಡಿದ ಮೇಲೆಯೇ ಮಾವನ ಹಳೇ ಅಕೌಂಟನ್ನು ಸ್ಟ್ಯಾಂಡರ್ಡ್‌ಗೆ, ಅಂದರೆ ಅಡ್ಮಿನ್ ಅಧಿಕಾರ ಇಲ್ಲದ್ದಕ್ಕೆ, ಇಳಿಸಿದ್ದು. ಈ ಕ್ರಮ ತಪ್ಪಿಸಬೇಡಿ. ಹಳೆಯದನ್ನು ಇಳಿಸುವುದರಿಂದ ಡೆಸ್ಕ್‌ಟಾಪ್, ಫೈಲ್, ಫಾಂಟ್ ಸೆಟ್ಟಿಂಗ್ ಎಲ್ಲ ಇದ್ದಲ್ಲೇ ಇರುತ್ತದೆ. ಮಾವನಿಗೆ ಏನೂ ಬದಲಾದ ಹಾಗೆ ಅನ್ನಿಸುವುದಿಲ್ಲ. ಬೀಗದಕೈಯಿಂದ ಸ್ಲೈಡರನ್ನು ತುದಿಗೆ ಏರಿಸಿದೆ. ಆ ಅಕೌಂಟ್‌ನಲ್ಲಿ ದಿನಾ ಯಾರೂ ಕೂರುವುದಿಲ್ಲ, ಎಷ್ಟು ಕೇಳಿದರೂ ತೊಂದರೆ ಇಲ್ಲ.

ಮಗಳಿಗೆ ಬೇರೆ ಸ್ಟ್ಯಾಂಡರ್ಡ್ ಅಕೌಂಟ್. ಮಾವನಿಗೂ ಅತ್ತೆಗೂ ಬೇರೆ ಬೇರೆ ಮಾಡೋಣ ಎಂದೆ. "ಲಾಗೌಟ್ ಲಾಗಿನ್ ಎಲ್ಲ ನಮಗೆ ಬೇಡ ಮಾರಾಯ" ಎಂದರು ಇಬ್ಬರೂ ಒಟ್ಟಿಗೆ. ಅಪರೂಪದ ಒಮ್ಮತ, ಒಪ್ಪಿಕೊಂಡೆ. ಪಾಸ್‌ವರ್ಡ್ ಚೀಟಿ ಕಪಾಟಿನಲ್ಲಿ ಆಧಾರ್ ಕಾರ್ಡ್‌ಗಳ ಜೊತೆ ಇದೆ. ಮನೆಯ ಕಂಪ್ಯೂಟರ್‌ಗೆ ಅಷ್ಟು ಸಾಕು. ನಮ್ಮ ಭಯ ಇಂಟರ್ನೆಟ್‌ನಿಂದ ಬರುವವರದ್ದು, ಕಪಾಟು ತೆಗೆಯುವವರದ್ದಲ್ಲ.

ಹೋಮ್ ಆವೃತ್ತಿಯಲ್ಲಿ ಗ್ರೂಪ್ ಪಾಲಿಸಿ ಎಡಿಟರ್ ಇಲ್ಲ, ಅದನ್ನು ತೆರೆಯಿರಿ ಎನ್ನುವ ಸಲಹೆಗಳು ಇಲ್ಲಿ ಉಪಯೋಗಕ್ಕಿಲ್ಲ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಎನೇಬಲ್‌ಎಲ್‌ಯುಎ ಎಂಬುದನ್ನು ಸೊನ್ನೆ ಮಾಡಿ ಎಂಬ ಸಲಹೆಯೂ ಓಡಾಡುತ್ತದೆ. ಅದು ಸ್ಲೈಡರ್‌ಗಿಂತಲೂ ಕೆಳಗಿನ ಮಾತು, ಎರಡು ಟೋಕನ್‌ನ ವ್ಯವಸ್ಥೆಯನ್ನೇ ಕಿತ್ತುಹಾಕುತ್ತದೆ. ಮುಟ್ಟಬೇಡಿ. ಯಾರಾದರೂ ಮುಟ್ಟಿದ್ದಾರೆಯೇ ಎಂದು ಮಾತ್ರ ನೋಡಿಕೊಳ್ಳಿ, ಅಲ್ಲಿ 1 ಎಂಬ ಅಂಕೆ ಇರಬೇಕು.

ಸ್ಕ್ಯಾನರ್

ಪ್ರಿಂಟರ್ ಜೊತೆ ಬಂದ ಸ್ಕ್ಯಾನ್ ಪ್ರೋಗ್ರಾಂ ತನಗೆ ಅಡ್ಮಿನ್ ಬೇಕೇ ಬೇಕು ಎಂದು ತನ್ನೊಳಗೆ ಬರೆದುಕೊಂಡಿದೆ. ಟಿಕ್ ತೆಗೆಯಲು ಟಿಕ್ಕೇ ಇಲ್ಲ. ಇದಕ್ಕೆ ಎರಡು ದಾರಿ. ಒಂದು, ಟಾಸ್ಕ್ ಶೆಡ್ಯೂಲರ್‌ನಲ್ಲಿ ಹೈಯೆಸ್ಟ್ ಪ್ರಿವಿಲೇಜ್ ಎಂದು ಟಾಸ್ಕ್ ಮಾಡಿ, ಪ್ರಶ್ನೆ ಇಲ್ಲದೆ ಅಡ್ಮಿನ್ ಆಗಿಯೇ ಓಡಿಸುವುದು. ಅಡ್ಮಿನ್ ಅಕೌಂಟ್‌ನವರು ಇದನ್ನು ತುಂಬ ಬಳಸುತ್ತಾರೆ. ನನಗೆ ಇಷ್ಟವಿಲ್ಲ. ಪ್ರಶ್ನೆ ಮಾತ್ರ ಮಾಯ ಆಗುತ್ತದೆ, ಅಧಿಕಾರ ಹಾಗೇ ಇರುತ್ತದೆ. ಸ್ಟ್ಯಾಂಡರ್ಡ್ ಅಕೌಂಟ್‌ನಲ್ಲಂತೂ ಆ ಟಾಸ್ಕ್‌ಗೆ ಸಿಗು‌ವುದು ಅದೇ ಸ್ಟ್ಯಾಂಡರ್ಡ್ ಅಧಿಕಾರ.

ಇನ್ನೊಂದು ದಾರಿ ಪ್ರೋಗ್ರಾಂನ ಬೇಡಿಕೆಯನ್ನು ತಳ್ಳಿಹಾಕುವುದು. ಪುಟ್ಟ ಬ್ಯಾಚ್ ಫೈಲ್‌ನಲ್ಲಿ ಕಂಪ್ಯಾಟ್ ಲೇಯರ್ ಎಂಬ ವೇರಿಯಬಲ್‌ಗೆ ರನ್‌ಆಸ್‌ಇನ್‌ವೋಕರ್ ಎಂದು ಕೊಟ್ಟು, ಆಮೇಲೆ ಪ್ರೋಗ್ರಾಂ ಹೊರಡಿಸುವುದು. ವೇರಿಯಬಲ್‌ನ ಹೆಸರಿನ ಮುಂದೆ ಎರಡು ಅಂಡರ್‌ಸ್ಕೋರ್, ನಡುವೆ ಒಂದು. ಆಗ ಅದು ತೆರೆದವರ ಅಧಿಕಾರದಲ್ಲೇ ಓಡುತ್ತದೆ, ಪ್ರಶ್ನೆ ಬರುವುದಿಲ್ಲ. ನಿಜಕ್ಕೂ ಅಡ್ಮಿನ್ ಬೇಕಾದ ಕೆಲಸ ಮಾಡಲು ಹೋದರೆ ಸೋಲುತ್ತದೆ, ಅಷ್ಟೇ. ಮಾವನದ್ದು ಸೋಲಲಿಲ್ಲ, ಸ್ಕ್ಯಾನ್ ಮಾಡಿತು. ಇಂಕ್ ಎಷ್ಟಿದೆ ಎನ್ನುವ ಪುಟ ಮಾತ್ರ ಖಾಲಿ ಬರುತ್ತದೆ.

ಉಳಿದ ಪ್ರಶ್ನೆಗಳನ್ನು ಓದುವುದು

ಈಗ ಪ್ರಶ್ನೆ ಬರುವುದು ಅಪರೂಪ. ಬಂದರೆ ಪಾಸ್‌ವರ್ಡ್ ಕೇಳುತ್ತದೆ. ಮಾವನಿಗೆ ನಾನು ಹೇಳಿಕೊಟ್ಟದ್ದು ಇಷ್ಟು. ಮೊದಲು, ನಾನೇ ಏನಾದರೂ ಇನ್‌ಸ್ಟಾಲ್ ಮಾಡಲು ಹೊರಟಿದ್ದೇನೆಯೇ? ಇಲ್ಲ ಎಂದಾದರೆ "ನೋ". ಹೊರಟಿದ್ದರೆ ಪಟ್ಟಿಯ ಬಣ್ಣ ನೋಡುವುದು. ನೀಲಿ ಇದ್ದರೆ ತಯಾರಕರ ಸಹಿ ಇದೆ, ಹೆಸರು ಓದಿ. ಹಳದಿ ಇದ್ದರೆ ಯಾರದ್ದೆಂದು ವಿಂಡೋಸ್‌ಗೆ ಗೊತ್ತಿಲ್ಲ. ಆಮೇಲೆ ಶೋ ಮೋರ್ ಡೀಟೇಲ್ಸ್ ಒತ್ತಿ ಫೈಲ್ ಎಲ್ಲಿದೆ ನೋಡುವುದು. ನಾವು ಇಳಿಸಿಕೊಂಡದ್ದು ಡೌನ್‌ಲೋಡ್ಸ್‌ನಲ್ಲಿ ಇದ್ದರೆ ಸಹಜ. ಕೇಳದೆ ಬಂದದ್ದು ಟೆಂಪ್ ಫೋಲ್ಡರ್‌ನಿಂದ ಬಂದಿದ್ದರೆ ನನಗೆ ಫೋನ್. ನೀಲಿ ಬಣ್ಣ ಎಂದರೆ ಒಳ್ಳೆಯದು ಎಂದಲ್ಲ, ಆ ಪಿಡಿಎಫ್ ಪರಿವರ್ತಕಕ್ಕೂ ಸಹಿ ಇತ್ತು.

ಬ್ರೌಸರ್ ಅಪ್‌ಡೇಟ್ ಮಾಡಿ ಎಂದು ಯಾವುದಾದರೂ ಪುಟ ಹೇಳಿ, ಆ ಬೆನ್ನಿಗೆ ಅನುಮತಿಯ ಕಿಟಕಿ ಬಂದರೆ ಖಂಡಿತ "ನೋ". ಹೆಸರಾಂತ ಬ್ರೌಸರ್‌ಗಳು ಹಿನ್ನೆಲೆಯ ಸರ್ವಿಸ್ ಮೂಲಕ ತಾವೇ ಅಪ್‌ಡೇಟ್ ಆಗುತ್ತವೆ, ವೆಬ್ ಪುಟದಿಂದ ಫೈಲ್ ಇಳಿಸಲು ಹೇಳುವುದಿಲ್ಲ.

ಮೂಲೆಯ ವೈರಸ್ ಚೀಟಿಗಳು ಇದಕ್ಕೆ ಸೇರಿದವೇ ಅಲ್ಲ. ಅವು ಯಾವುದೋ ಸೈಟ್‌ಗೆ ಬ್ರೌಸರ್‌ನಲ್ಲಿ "ಅಲೌ" ಕೊಟ್ಟದ್ದರ ಫಲ. ಬ್ರೌಸರ್‌ನ ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್‌ಗೆ ಹೋಗಿ ಗೊತ್ತಿಲ್ಲದ ಹೆಸರುಗಳನ್ನೆಲ್ಲ ತೆಗೆದು, ಇನ್ನು ಯಾರೂ ಕೇಳಬಾರದು ಎಂದು ಇಟ್ಟೆ. ಮಗಳ ಅಕೌಂಟ್‌ನಲ್ಲೂ ಅದೇ.

ಸ್ಟ್ಯಾಂಡರ್ಡ್ ಅಕೌಂಟ್ ಎಲ್ಲವನ್ನೂ ತಡೆಯುವುದಿಲ್ಲ ಎಂದೂ ಮಾವನಿಗೆ ಹೇಳಿದ್ದೇನೆ. ಕೆಲವು ಮೀಟಿಂಗ್ ಆ್ಯಪ್‌ಗಳು ಬಳಕೆದಾರನ ಸ್ವಂತ ಫೋಲ್ಡರ್‌ನಲ್ಲೇ ಇನ್‌ಸ್ಟಾಲ್ ಆಗುತ್ತವೆ, ಯಾವ ಪ್ರಶ್ನೆಯೂ ಇಲ್ಲ. ಕೆಟ್ಟ ಪ್ರೋಗ್ರಾಂ ಕೂಡ ಹಾಗೆ ಬರಬಹುದು. ಮಾವನ ಆಮಂತ್ರಣಗಳನ್ನೆಲ್ಲ ಬೀಗ ಹಾಕಿ ದುಡ್ಡು ಕೇಳಲು ಅದಕ್ಕೆ ಅಡ್ಮಿನ್ ಅಧಿಕಾರ ಬೇಕಿಲ್ಲ, ಆ ಫೈಲ್‌ಗಳು ಮಾವನವೇ ಅಲ್ವಾ. ಅದಕ್ಕೆ ಮದ್ದು ಬ್ಯಾಕಪ್ ಒಂದೇ. ಹೊರಗಿನ ಹಾರ್ಡ್‌ಡಿಸ್ಕ್ ಒಂದಿದೆ, ನಕಲಾದ ಮೇಲೆ ಕೇಬಲ್ ಕಿತ್ತಿಡುತ್ತಾರೆ. ಸಿಡಿಲಿನ ಭಯದಿಂದ ಮಳೆಗಾಲದಲ್ಲಿ ಅವರು ಎಲ್ಲ ಕೇಬಲ್ ಹೇಗೂ ಕೀಳುವವರೇ.

ಭಾವನ ಕಪ್ಪು ಸ್ಕ್ರೀನ್ ಹಾಗೇ ಉಳಿದಿದೆ. ಸ್ಲೈಡರ್‌ನ ಮೂರನೇ ಹಂತದಲ್ಲಿ ಮಬ್ಬಾಗುವುದು ನಿಲ್ಲುತ್ತದೆ, ಅದಕ್ಕಾದರೂ ಇಳಿಸು ಎಂದು ಕೇಳಿದ. ಒಪ್ಪಲಿಲ್ಲ. ಪಾಸ್‌ವರ್ಡ್ ಹಾಕುವ ಜಾಗ ಈಗ ಅದೇ ಆದ್ದರಿಂದ, ಬೇರೆ ಪ್ರೋಗ್ರಾಂಗಳ ಕೈಗೆ ಸಿಗದ ಆ ಡೆಸ್ಕ್‌ಟಾಪ್ ಮೊದಲಿಗಿಂತ ಈಗ ಜಾಸ್ತಿ ಬೇಕು. ಅವನ ಸ್ಕ್ರೀನ್ ಕಪ್ಪಾದಾಗ ಮಾವ ಕಿಟಕಿಯಲ್ಲಿರುವ ಹೆಸರನ್ನು ಫೋನಿನಲ್ಲಿ ಓದಿ ಹೇಳುತ್ತಾರೆ, ಅವನು ಸರಿ ಎಂದರೆ ತಾವೇ ಪಾಸ್‌ವರ್ಡ್ ಹಾಕುತ್ತಾರೆ. ಭಾವನಿಗೆ ಸ್ವಲ್ಪ ಸಿಟ್ಟಿದೆ. ಇಂಕ್‌ನ ಪುಟ ಖಾಲಿ ಬರುವುದರ ಬಗ್ಗೆ ಮಾವನಿಗೂ ಇದೆ. ಅದಕ್ಕೆ ಪ್ರಿಂಟರ್‌ನ ಪುಟ್ಟ ಪರದೆಯಲ್ಲೇ ನೋಡಲು ಹೇಳಿಕೊಟ್ಟಿದ್ದೇನೆ.